ಕರಣೆಗೆ ಕಚ್ಚಿಕೊಂಡ ಗಾರೆಯನ್ನು ನಾನು ಬಿಡಿಸಿದ್ದು

ಗೋಡೆ ರಿಪೇರಿ ಮಾಡುತ್ತಿದ್ದಾಗ ಇದ್ದಕ್ಕಿದ್ದಂತೆ ಜೋರು ಮಳೆ ಹಿಡಿಯಿತು. ಹಸಿ ಗಾರೆಯ ಮೇಲೆ ಟಾರ್ಪಾಲು ಎಳೆದೆ. ಗಾರೆ ಬಳಿಯುವ ಎರಡು ಕರಣೆ, ಒಂದು ಉಳಿ, ಒಂದು ಸಲಿಕೆ, ಎಲ್ಲವನ್ನೂ ತೊಳೆಯದೆ ಹಾಗೇ ಅದರಡಿಗೆ ತಳ್ಳಿ ಒಳಗೆ ಓಡಿದೆ. ಮತ್ತೆ ಅವನ್ನು ಹೊರಗೆ ತೆಗೆದದ್ದು ಮೂರು ವಾರದ ನಂತರ.

ತೇವದಲ್ಲಿ ಇತ್ತಲ್ಲ, ಗಾರೆ ಅಷ್ಟೇನೂ ಗಟ್ಟಿಯಾಗಿರಲ್ಲ ಅಂದುಕೊಂಡಿದ್ದೆ. ಆಗಿದ್ದು ಅದಕ್ಕೆ ತದ್ವಿರುದ್ಧ. ಸಿಮೆಂಟು ಒಣಗಿ ಗಟ್ಟಿಯಾಗುವ ವಸ್ತು ಅಲ್ಲ. ನೀರನ್ನು ತನ್ನೊಳಗೆ ಸೇರಿಸಿಕೊಂಡು ಗಟ್ಟಿಯಾಗುತ್ತದೆ. ತೇವ ಸಿಕ್ಕಷ್ಟು ದಿನ ಅದರ ಬಲ ಏರುತ್ತಲೇ ಹೋಗುತ್ತದೆ. ಗೋಡೆಗೆ ದಿನಾ ನೀರು ಹಾಕಿ ಕ್ಯೂರಿಂಗ್ ಮಾಡುತ್ತೇವಲ್ಲ, ಟಾರ್ಪಾಲಿನ ಅಡಿಯಲ್ಲಿ ನನ್ನ ಕರಣೆಗಳಿಗೂ ಅದೇ ಆಗಿತ್ತು.

ಮೊದಲು ಮಾಡಿದ್ದು ತಪ್ಪು. ಒಂದು ಕರಣೆಯನ್ನು ಕಲ್ಲಿನ ಮೇಲೆ ಇಟ್ಟು ಸುತ್ತಿಗೆಯಲ್ಲಿ ಹೊಡೆದೆ. ಮೂರನೇ ಏಟಿಗೆ ಒಂದು ಚೂರು ಸಿಡಿದು ಕಣ್ಣಿನ ಕೆಳಗೆ, ಕೆನ್ನೆಗೆ ಬಡಿಯಿತು. ಒಂದು ಬೆರಳು ಮೇಲಾಗಿದ್ದರೆ ಕಣ್ಣೇ. ಕರಣೆಯ ತಗಡು ತೆಳ್ಳಗಿನ ಉಕ್ಕು. ಅದೂ ನಡುವೆ ಸ್ವಲ್ಪ ಡೊಂಕಾಯಿತು. ಇವತ್ತಿಗೂ ಅದರಲ್ಲಿ ನಯ ಮಾಡಲು ಹೋದರೆ ಗಿಲಾವಿನ ಮೇಲೆ ಒಂದು ಗೆರೆ ಬೀಳುತ್ತದೆ. ಡೊಂಕಾದ ಕರಣೆ ಮತ್ತೆ ಮೊದಲಿನ ಹಾಗೆ ಆಗುವುದು ಕಷ್ಟ.

ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿದರೆ ಬೇಗ ಆಗುತ್ತದೆ ನಿಜ. ನಾನು ಅದನ್ನು ಮುಟ್ಟಲಿಲ್ಲ. ಗಾರೆಯಲ್ಲಿ ಇರುವುದು ಬಹುಪಾಲು ಮರಳು. ಅದನ್ನು ಒಣಗಿದ ಹಾಗೆಯೇ ಅರೆದರೆ ಎದ್ದು ಬರುವ ಸಣ್ಣ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದು ಕೂತರೆ ಹಾನಿ ಶಾಶ್ವತ. ಬ್ರಷ್ಷಿನ ತಂತಿಗಳೂ ಕಿತ್ತು ಹಾರುತ್ತವೆ. ಬೆಂಕಿಯಲ್ಲಿ ಕಾಯಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಗಾರೆಯೊಳಗಿನ ತೇವ ಆವಿಯಾಗಿ ಚೂರುಗಳು ಸಿಡಿಯಬಹುದು, ಉಕ್ಕಿನ ಹದವೂ ಕೆಡುತ್ತದೆ.

ಕೊನೆಗೆ ಕೈ ಹಿಡಿದದ್ದು ಮಾಮೂಲಿ ಬಿಳಿ ವಿನೆಗರ್. ಅದರಲ್ಲಿ ಆಮ್ಲ ಸುಮಾರು 5 ಶೇಕಡಾ ಇರುತ್ತದೆ, ಉಳಿದದ್ದು ನೀರೇ. ಗಟ್ಟಿಯಾದ ಸಿಮೆಂಟು ಕ್ಷಾರ. ಆಮ್ಲ ತಗುಲಿದರೆ ಮರಳಿನ ಕಣಗಳನ್ನು ಹಿಡಿದಿಟ್ಟ ಅಂಟು ನಿಧಾನವಾಗಿ ಕರಗುತ್ತದೆ.

ಗ್ಲೌಸ್ ಹಾಕಿಕೊಂಡೆ, ಪಕ್ಕದಿಂದಲೂ ಮುಚ್ಚುವಂಥ ಕನ್ನಡಕ ಹಾಕಿಕೊಂಡೆ. ಸಾಮಾನನ್ನು ಮೊದಲು ನೀರಲ್ಲಿ ನೆನೆಸಿದೆ. ದಪ್ಪ ಪದರದ ಮೇಲೆ ಹಳೇ ಉಳಿಯ ಮೂಲೆಯಿಂದ ಅಡ್ಡ ಉದ್ದ ಗೀರು ಎಳೆದೆ, ವಿನೆಗರ್ ಒಳಗೆ ಇಳಿಯಲಿ ಅಂತ. ಆಮೇಲೆ ಪ್ಲಾಸ್ಟಿಕ್ ಟಬ್ಬಿನಲ್ಲಿ ತಗಡು ಮಾತ್ರ ಮುಳುಗುವಷ್ಟು ವಿನೆಗರ್ ಹಾಕಿ, ಮರದ ಹಿಡಿ ಮೇಲೆ ಉಳಿಯುವ ಹಾಗೆ ಓರೆಯಾಗಿ ನಿಲ್ಲಿಸಿದೆ. ಟಬ್ಬು ಬಯಲಲ್ಲೇ ಇತ್ತು.

ಹತ್ತಿರ ಬಗ್ಗಿ ನೋಡಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಗೀರುಗಳ ಉದ್ದಕ್ಕೂ ಸಾಲಾಗಿ ಎದ್ದು ಬರುತ್ತಿದ್ದವು. ಕೆಲವು ಗಂಟೆ ಕಳೆದ ಮೇಲೆ ಗುಳ್ಳೆ ನಿಂತವು. ಗಾರೆ ಹಾಗೇ ಇತ್ತು. ಸೋತೆ ಅಂದುಕೊಳ್ಳಬೇಕಿಲ್ಲ, ವಿನೆಗರಿನ ಶಕ್ತಿ ಮುಗಿದಿರುತ್ತದೆ ಅಷ್ಟೆ. ಹಳೆಯದನ್ನು ಚೆಲ್ಲಿ ಹೊಸದು ಹಾಕಿದೆ. ರಾತ್ರಿಯಿಡೀ ನೆನೆದ ಮೇಲೆ ಬೆಳಿಗ್ಗೆ ಪ್ಲಾಸ್ಟಿಕ್ ಪಟ್ಟಿಯಿಂದ ಅಂಚಿನಲ್ಲಿ ಮೀಟಿದೆ. ಮಾಗಿದ ಗಾಯದ ಹಕ್ಕಳೆ ಏಳುವ ಹಾಗೆ ಒಂದು ತುಂಡು ಇಡಿಯಾಗಿ ಎದ್ದು ಬಂತು! ಟಬ್ಬಿನ ತಳದಲ್ಲಿ ಬರೀ ಮರಳು ಕೂತಿತ್ತು. ಉಳಿದ ಚುಕ್ಕೆಗಳನ್ನು ತಂತಿ ಬ್ರಷ್ಷಿನಿಂದ ಕೈಯಲ್ಲೇ ಉಜ್ಜಿದೆ, ಆಗಾಗ ನೀರಲ್ಲಿ ಅದ್ದುತ್ತಾ. ದೂಳು ಏಳಲೇ ಇಲ್ಲ.

ಆಮೇಲಿನ ಕೆಲಸವನ್ನು ಬಿಡುವ ಹಾಗಿಲ್ಲ. ಉಳಿಯನ್ನು ಸುಮ್ನೆ ನೀರಲ್ಲಿ ತೊಳೆದು ಇಟ್ಟಿದ್ದೆ. ಮಾರನೇ ದಿನ ಅದರ ಮೈಯೆಲ್ಲ ಕೇಸರಿ ಬಣ್ಣದ ತುಕ್ಕು. ಆಮ್ಲ ತಾಗಿದ ಉಕ್ಕು ಅಷ್ಟು ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಕರಣೆಗಳನ್ನು ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಅದ್ದಿ, ಒಳ್ಳೇ ನೀರಲ್ಲಿ ತೊಳೆದು, ತಕ್ಷಣ ಬಟ್ಟೆಯಿಂದ ಒರೆಸಿ ಬಿಸಿಲಿಗೆ ಇಟ್ಟೆ. ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಎಣ್ಣೆ ಸವರಿದೆ.

ಅಲ್ಯೂಮಿನಿಯಂ ಮಟ್ಟಪಟ್ಟಿ, ಸತು ಲೇಪಿಸಿದ ಬಕೆಟ್ ಇವನ್ನು ಹೀಗೆ ನೆನೆಸಬೇಡಿ. ಆಮ್ಲ ಆ ಲೋಹಗಳನ್ನೇ ತಿನ್ನುತ್ತದೆ. ಅವಕ್ಕೆ ನೀರು, ಪ್ಲಾಸ್ಟಿಕ್ ಪಟ್ಟಿ, ತಾಳ್ಮೆ ಇಷ್ಟೇ. ಟೈಲ್ಸ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಬೇಗ ಕೆಲಸ ಮಾಡುತ್ತದೆ ಅನ್ನುವುದು ಸರಿ. ಆದರೆ ಅದರ ಹೊಗೆ ಗಂಟಲು ಸುಡುತ್ತದೆ, ಉಕ್ಕನ್ನೂ ಕೊರೆಯುತ್ತದೆ. ಕೈಸಾಮಾನಿಗೆ ಅದು ಬೇಕಾಗಿಯೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು, ವಿನೆಗರೇ ಇರಲಿ ಬೇರೆ ಆಸಿಡ್ಡೇ ಇರಲಿ, ಬ್ಲೀಚ್ ಜೊತೆ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ.

ಈಗ ಕೆಲಸಕ್ಕೆ ಇಳಿಯುವ ಮೊದಲೇ ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬ್ರಷ್ ಇಟ್ಟುಕೊಳ್ಳುತ್ತೇನೆ. ಗಾರೆ ಬಿಗಿಯುವ ಮುಂಚೆ ತೊಳೆದರೆ ಒಂದು ನಿಮಿಷದ ಕೆಲಸ ಅಲ್ವಾ. ಮಳೆ ಬಂದರೂ ಕರಣೆಯನ್ನು ಮೊದಲು ಬಕೆಟ್ಟಿಗೆ ಹಾಕಿ, ಆಮೇಲೆ ಟಾರ್ಪಾಲು ಎಳೆಯುತ್ತೇನೆ.

ಆವತ್ತು ಎಣ್ಣೆ ಸವರಿದ ಮೇಲೆ ಡೊಂಕಾಗದೆ ಉಳಿದ ಕರಣೆಯನ್ನು ಇಟ್ಟಿಗೆಗೆ ಮೆಲ್ಲಗೆ ತಟ್ಟಿ ನೋಡಿದೆ. ಗಾರೆ ಹಿಡಿದಿದ್ದಾಗ ದಪ್ ಅನ್ನುತ್ತಿದ್ದದ್ದು ಟಣ್ ಅಂತು.