ಬಿಗ್ ಬ್ಯಾಂಗ್ ನಿಜಾನಾ, ಆದಿಕಾಂಡ ನಿಜಾನಾ? ಮಕ್ಕಳು ಕೇಳಿದರೆ ಏನು ಹೇಳಬೇಕು

ಸಂಡೇ ಸ್ಕೂಲ್‌ನಲ್ಲಿ ಪಾಠ ಮಾಡುವವರಿಗೆ, ಮನೆಯಲ್ಲಿ ಹೈಸ್ಕೂಲ್ ಮಕ್ಕಳಿರುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ: ವಿಶ್ವ ಬಿಗ್ ಬ್ಯಾಂಗ್ ಅಂದರೆ ಮಹಾಸ್ಫೋಟದಿಂದ ಶುರುವಾಯಿತು ಅನ್ನುವ ವಿಜ್ಞಾನ ನಿಜಾನಾ, ದೇವರು ಆರು ದಿನದಲ್ಲಿ ಸೃಷ್ಟಿಸಿದ ಅನ್ನುವ ಬೈಬಲ್‌ನ ಆದಿಕಾಂಡ ನಿಜಾನಾ? "ಹಾಗೆಲ್ಲ ಕೇಳಬಾರದು" ಅಂತ ಬಾಯಿ ಮುಚ್ಚಿಸಬೇಡಿ.

ಮೊದಲು ಬೈಬಲ್ ತೆಗೆಸಿ. ಆದಿಕಾಂಡದ ಮೊದಲ ಅಧ್ಯಾಯವನ್ನು ಮಗುವೇ ಗಟ್ಟಿಯಾಗಿ ಓದಲಿ. ಬೆಳಕು ಬರುವುದು ಮೊದಲನೇ ದಿನ, ಸೂರ್ಯ ಚಂದ್ರ ಬರುವುದು ನಾಲ್ಕನೇ ದಿನ. ಮತ್ತೆ ಮೊದಲ ಮೂರು ದಿನ ಬೆಳಗಾಗಿದ್ದು ಹೇಗೆ? ಮಗು ಕೇಳದಿದ್ದರೆ ನೀವೇ ಕೇಳಿ. ಇದೇನೂ ಹೊಸ ತಕರಾರಲ್ಲ, ಟೆಲಿಸ್ಕೋಪ್ ಹುಟ್ಟುವುದಕ್ಕೂ ಸಾವಿರ ವರ್ಷ ಮುಂಚೆಯೇ ಸಂತ ಅಗಸ್ಟೀನರು ಇದಕ್ಕೆ ತಲೆ ಕೆಡಿಸಿಕೊಂಡು, ಇವು ನಾವು ಎಣಿಸುವಂಥ ದಿನಗಳಲ್ಲ ಅಂದಿದ್ದರು. ಆರು ದಿನ ಅಂದರೆ ಆರೇ ದಿನ ಅನ್ನುವ ಕ್ರೈಸ್ತ ಸಭೆಗಳೂ ಇವೆ. ಅದನ್ನೂ ಹೇಳಿಬಿಡಿ.

ಆಮೇಲೆ ಜಾರ್ಜ್ ಲೆಮೆತ್ರ್ ಕಥೆ. ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ, ಜೊತೆಗೆ ಭೌತವಿಜ್ಞಾನಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಲೆಕ್ಕ ಸರಿ, ಆದರೆ ಭೌತಶಾಸ್ತ್ರ ಮಾತ್ರ ಸಹಿಸುವಂತಿಲ್ಲ ಅಂದುಬಿಟ್ಟರು ಐನ್‌ಸ್ಟೀನ್! 1931ರಲ್ಲಿ ಲೆಮೆತ್ರ್ ಇನ್ನೂ ಮುಂದೆ ಹೋಗಿ, ಎಲ್ಲವೂ ಒಂದೇ ಒಂದು ಆದಿ ಪರಮಾಣುವಿನಿಂದ ಶುರುವಾಯಿತು ಅಂದರು. ಬಿಗ್ ಬ್ಯಾಂಗ್‌ನ ಬೇರು ಇಲ್ಲಿದೆ, ಅಂದರೆ ಫಾದರ್ ಒಬ್ಬರ ತಲೆಯಲ್ಲಿ. ಇದನ್ನು ಕೇಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಆದರೆ ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನದು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್, ಈ ವಿಜ್ಞಾನ ಸೃಷ್ಟಿಗೆ ಸಾಕ್ಷಿ ಹೇಳುತ್ತಿದೆ ಅನ್ನುವ ಅರ್ಥದಲ್ಲಿ ಭಾಷಣ ಮಾಡಿದರು. ಲೆಮೆತ್ರ್ ಖುಷಿಪಡಬೇಕಿತ್ತು ಅಲ್ವಾ? ಪಡಲಿಲ್ಲ. ನನ್ನ ಸಿದ್ಧಾಂತ ಧರ್ಮದ ಪ್ರಶ್ನೆಯ ಹೊರಗಿದೆ, ನಂಬುವವರೂ ನಂಬದವರೂ ಅದನ್ನು ಒಪ್ಪಬಹುದು ಅನ್ನುವುದು ಅವರ ನಿಲುವು. ವಾಟ್ಸಾಪ್‌ನಲ್ಲಿ "ವಿಜ್ಞಾನವೇ ಬೈಬಲನ್ನು ಸಾಬೀತು ಮಾಡಿತು" ಅಂತ ಫಾರ್ವರ್ಡ್ ಮಾಡುವವರಿಗೆ ಇದನ್ನೇ ಹೇಳಿ.

ಗೆಲಿಲಿಯೋ ವಿಷಯ ಬಂದರೆ ಮುಚ್ಚಿಡಬೇಡಿ. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಅಂದಿದ್ದಕ್ಕೆ 1633ರಲ್ಲಿ ಚರ್ಚ್ ವಿಚಾರಣೆ ಮಾಡಿ, ಹೇಳಿದ್ದು ತಪ್ಪು ಅಂತ ಅವನ ಬಾಯಿಂದಲೇ ಹೇಳಿಸಿ, ಸಾಯುವವರೆಗೂ ಗೃಹಬಂಧನದಲ್ಲಿಟ್ಟಿತು. ತಪ್ಪಾಗಿತ್ತು ಅಂತ ಪೋಪ್ ಒಪ್ಪಿಕೊಂಡಿದ್ದು 1992ರಲ್ಲಿ.

ಇನ್ನೊಂದು. "ಬಿಗ್ ಬ್ಯಾಂಗ್‌ಗೂ ಮುಂಚೆ ಏನಿತ್ತು?" ಅಂತ ಕೇಳಿದರೆ, ವಿಜ್ಞಾನಕ್ಕೆ ಗೊತ್ತಿಲ್ಲ ನೋಡು, ಅಲ್ಲಿ ದೇವರಿದ್ದಾನೆ ಅನ್ನಬೇಡಿ. ಗ್ರಹಗಳ ದಾರಿ ತಪ್ಪದಂತೆ ದೇವರೇ ಆಗಾಗ ಸರಿಮಾಡಬೇಕು ಅಂತ ನ್ಯೂಟನ್ನೇ ಅಂದುಕೊಂಡಿದ್ದ, ಮುಂದೆ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಅದನ್ನೂ ಲೆಕ್ಕದಲ್ಲೇ ವಿವರಿಸಲು ಹೊರಟ. ಗೊತ್ತಿಲ್ಲದ ಕಡೆ ದೇವರನ್ನು ಕೂರಿಸಿದರೆ, ಅದು ಗೊತ್ತಾದ ದಿನ ದೇವರಿಗೆ ಅಲ್ಲಿ ಜಾಗ ಉಳಿಯುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ನಿಮ್ಮ ಸಭೆಯಲ್ಲೇ ಫಿಸಿಕ್ಸ್ ಮೇಷ್ಟ್ರು ಇದ್ದರೆ ಒಂದು ಭಾನುವಾರ ಅವರಿಗೇ ಕ್ಲಾಸ್ ಬಿಟ್ಟುಕೊಡಿ.