ಹಲ್ಲಿನ ಗುರುತು ನೋಡದೆ ಹೌಸಿಂಗ್ ಮುಚ್ಚಬೇಡಿ

ನವಲಗುಂದ ಕಡೆಯ ಎರಿ ಹೊಲದಾಗ ಒಂದು ಮಳೆಗಾಲ ತಿರುಗಾಡಿದ ಜೀಪಿನ ಹಿಂದಿನ ಹೌಸಿಂಗು (ಹಿಂದಿನ ಗಾಲಿಗಳ ನಡುವಿನ ಗೇರಿನ ಗೂಡು) ಗುಂಯ್ ಅನ್ನತೊಡಗಿದರೆ ಬಹಳ ಮಂದಿ ಹೊಸ ಕ್ರೌನ್-ಪಿನಿಯನ್ (ಒಳಗಿನ ದೊಡ್ಡ ಹಲ್ಲುಚಕ್ರ ಮತ್ತು ಅದನ್ನು ತಿರುಗಿಸುವ ಸಣ್ಣದು) ತಂದು, ಅಳತೆ ಹೊಂದಿಸುವ ತೆಳು ತಗಡಿನ ಹಳೇ ಶಿಮ್ಮುಗಳನ್ನೇ ಹಾಕಿ, ಎಣ್ಣೆ ತುಂಬಿ ಮುಚ್ಚಿಬಿಡುತ್ತಾರೆ. ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ನನ್ನ ಜೀಪಿಗೂ ಹೀಗೇ ಮಾಡಿದ್ದರು. ಸಪ್ಪಳ ನಿಂತಿಲ್ಲ ಎಂದರೆ, ‘ಹೊಸಾದೈತ್ರಿ, ಓಡಿಸ್ಕೋತ ಹೋದ್ರ ತಾನ ಕೂಡತೈತಿ’ ಅಂದರು. ಕೂಡಲಿಲ್ಲ. ಡ್ರೇನ್ ಪ್ಲಗ್ ಬಿಚ್ಚಿದಾಗ ಎಣ್ಣೆಯಲ್ಲಿ ಬೆಳ್ಳಿ ಪುಡಿಯಂತೆ ಕಬ್ಬಿಣ ಹೊಳೆಯುತ್ತಿತ್ತು.

ಖರೀದಿಗೆ ಮುನ್ನ ಹಲ್ಲು ಎಣಿಸಿ. ಕ್ರೌನಿಗೆ 43, ಪಿನಿಯನ್ನಿಗೆ 8 ಇದ್ದರೆ ಗೇರಿನ ಅನುಪಾತ 5.38, 39 ಮತ್ತು 8 ಇದ್ದರೆ 4.88. ಫೋರ್ ವೀಲ್ ಗಾಡಿಯಾದರೆ ಮುಂದಿನ ಹೌಸಿಂಗಿನ ಲೆಕ್ಕವೂ ಅದೇ ಇರಬೇಕು. ಕ್ರೌನು, ಪಿನಿಯನ್ನು ಜೋಡಿಯಾಗಿ ಉಜ್ಜಿ ತಯಾರಾದವು. ಎರಡರ ಮೇಲೂ ಕೆತ್ತಿದ ಜೋಡಿ ನಂಬರು ತಾಳೆಯಾಗದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಬಿಚ್ಚುವುದು ಸುಲಭ. ಬೇರಿಂಗ್ ಕ್ಯಾಪುಗಳಿಗೆ ಎಡ-ಬಲ ಪಂಚ್ ಗುರುತು ಹಾಕಿ, ಪ್ರತಿ ಶಿಮ್ಮನ್ನೂ ಮೈಕ್ರೋಮೀಟರಿನಿಂದ ಅಳೆದು ಬರೆದಿಡಿ. ಹೊಸ ಕ್ರೌನ್ ಕೂಡಿಸುವಾಗ ಗ್ಯಾಸ್ ಬೆಂಕಿ ಹಿಡಿಯಬೇಡಿ, ಹಲ್ಲಿನ ಗಡಸುತನ ಹೋಗುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ ಟಾರ್ಕ್ ಪಾನಾದಿಂದ ಬಿಗಿಯಿರಿ.

ಕೆಲಸ ಕೆಡುವುದು ಪಿನಿಯನ್ನಿನಲ್ಲಿ. ಒಳ ಬೇರಿಂಗಿನ ಕಪ್ಪಿನ (ಹೊರ ಬಳೆಯ) ಹಿಂದಿರುವ ಶಿಮ್ಮು ಪಿನಿಯನ್ ಎಷ್ಟು ಒಳಗೆ ಕೂರಬೇಕೆಂದು ನಿರ್ಧರಿಸುತ್ತದೆ. ಹೊರ ಬೇರಿಂಗಿನ ಬಳಿಯ ಶಿಮ್ಮು ಬೇರಿಂಗಿನ ಬಿಗಿಯನ್ನು. ಒಳಗಿನದಕ್ಕೆ ಎಷ್ಟು ಸೇರಿಸಿದಿರೋ ಅಷ್ಟೇ ಹೊರಗಿನದಕ್ಕೂ ಸೇರಿಸಿ, ತೆಗೆದರೆ ಅಲ್ಲಿಂದಲೂ ತೆಗೆಯಿರಿ. ಇದನ್ನು ಮರೆತವರೇ ಬೇರಿಂಗ್ ಸುಡುತ್ತಾರೆ. ಬಿಗಿ ನೋಡಲು ಆಯಿಲ್ ಸೀಲ್ ಹಾಕುವ ಮೊದಲು ಯೋಕಿಗೆ (ಪಿನಿಯನ್ನಿನ ಹೊರತುದಿಯಲ್ಲಿ ಶಾಫ್ಟ್ ಜೋಡಿಸುವ ತುಂಡಿಗೆ) ದಾರ ಸುತ್ತಿ, ಸ್ಪ್ರಿಂಗ್ ತಕ್ಕಡಿ ಕಟ್ಟಿ, ಒಂದೇ ಸಮನೆ ಎಳೆಯಿರಿ. ತಕ್ಕಡಿ ತೋರಿದ ತೂಕವನ್ನು ಯೋಕಿನ ಅರ್ಧ ಅಗಲದಿಂದ ಗುಣಿಸಿ, ಮ್ಯಾನ್ಯುವಲ್ಲಿನ ಅಂಕಿಗೆ ತಾಳೆ ನೋಡಿ. ‘ಕೈಗೆ ಗೊತ್ತಾಗತೈತಿ’ ಅನ್ನುವವರ ಮಾತು ಕೇಳಬೇಡಿ. ತಂಪು ಪಾನೀಯದ ಡಬ್ಬಿ ಕತ್ತರಿಸಿ ಶಿಮ್ಮು ಮಾಡುವವರೂ ಇದ್ದಾರೆ. ಆ ಮೆತ್ತನೆ ತಗಡು ಕೆಲವೇ ದಿನದಲ್ಲಿ ಚಪ್ಪಟೆಯಾಗಿ ಇಡೀ ಅಳತೆ ಸಡಿಲಾಗುತ್ತದೆ.

ಈಗ ಕ್ರೌನ್ ಬಿಗಿದ ಕೇಸನ್ನು ಒಳಗೆ ಕೂಡಿಸಿ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲು, ನೋಡಿ. ಡಯಲ್ ಗೇಜಿನ ಮೊನೆಯನ್ನು ಕ್ರೌನಿನ ಹಲ್ಲಿಗೆ ನೇರವಾಗಿ ತಾಗಿಸಿ, ಪಿನಿಯನ್ ಹಿಡಿದು ಕ್ರೌನನ್ನು ಹಿಂದೆ-ಮುಂದೆ ಅಲ್ಲಾಡಿಸಿ. ಇಂಥ ಜೀಪುಗಳಿಗೆ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಸರಿ. ಹೆಚ್ಚಿದ್ದರೆ ಕ್ರೌನನ್ನು ಪಿನಿಯನ್ ಕಡೆಗೆ ಸರಿಸಬೇಕು: ಕೇಸಿನ ಒಂದು ಬದಿಯ ಶಿಮ್ಮು ತೆಗೆದು ಇನ್ನೊಂದು ಬದಿಗೆ ಹಾಕಿ. ಪ್ರತಿ ಸಲ ಬೇರಿಂಗ್ ಎಳೆದು ಹಾಳು ಮಾಡುವ ಬದಲು ಹಳೇ ಬೇರಿಂಗಿನ ಒಳತೂತು ಚೂರು ಉಜ್ಜಿ, ಕೈಯಲ್ಲೇ ಜಾರುವಂತೆ ಮಾಡಿಟ್ಟುಕೊಳ್ಳಿ. ನಾನು ಒಪ್ಪುವ ಅಡ್ಡದಾರಿ ಇದೊಂದೇ.

ಅಳತೆ ಬಂತೆಂದು ಇಲ್ಲಿಗೇ ಮುಚ್ಚಬೇಡಿ. ನಾಲ್ಕೈದು ಹಲ್ಲುಗಳಿಗೆ ಎರಡೂ ಬದಿ ತೆಳುವಾಗಿ ಹಳದಿ ಆಯಿಲ್ ಪೇಂಟ್ ಬಳಿಯಿರಿ. ಪ್ರಷಿಯನ್ ಬ್ಲೂ ನಡೆಯುತ್ತದೆ, ಆದರೆ ಕಪ್ಪು ಉಕ್ಕಿನ ಮೇಲೆ ಹಳದಿ ಚಲೋ ಕಾಣುತ್ತದೆ. ಜೊತೆಗಾರ ಕ್ರೌನನ್ನು ಕಟ್ಟಿಗೆಯಿಂದ ಒತ್ತಿ ತಡೆಯಲಿ, ನೀವು ಯೋಕನ್ನು ಎರಡೂ ಕಡೆ ತಿರುಗಿಸಿ. ಬಣ್ಣ ಅಳಿಸಿದ ಜಾಗ ಹಲ್ಲಿನ ಬುಡಕ್ಕೂ ತುದಿಗೂ ನಡುವೆ ಇರಬೇಕು. ಬುಡಕ್ಕಿಳಿದಿದ್ದರೆ ಪಿನಿಯನ್ ಹೆಚ್ಚು ಒಳಗಿದೆ, ಒಳ ಶಿಮ್ಮು ಕಡಿಮೆ ಮಾಡಿ. ತುದಿಗೇರಿದ್ದರೆ ಸೇರಿಸಿ. ಒಮ್ಮೆಗೆ 0.05 ಮಿ.ಮೀ. ಸಾಕು, ಪ್ರತಿ ಬದಲಾವಣೆಯ ನಂತರ ಬ್ಯಾಕ್‌ಲ್ಯಾಶ್ ಮತ್ತೆ ನೋಡಿ. ನನಗೆ ಒಮ್ಮೆ ಏಳು ಸಲ ಬಿಚ್ಚಿ ಕೂಡಿಸಬೇಕಾಯಿತು, ಎಂಟನೇ ಸಲ ಗುರುತು ನಡುವೆ ಬಂತು.

ಗುರುತು ಸರಿ ಬಂದ ಮೇಲೆ ಹೊಸ ಬೇರಿಂಗು, ಹೊಸ ಸೀಲು, ಜಿಎಲ್-5 ದರ್ಜೆಯ 80ಡಬ್ಲ್ಯು-90 ಎಣ್ಣೆ. ಡಬ್ಬಿ ಮೇಲೆ ದರ್ಜೆ ಬರೆಯದ ಬಿಡಿ ಎಣ್ಣೆ ಮುಟ್ಟಬೇಡಿ. ಮೊದಲ ದಿನ ಹದಿನೈದು-ಇಪ್ಪತ್ತು ನಿಮಿಷ ಓಡಿಸಿ, ಹೌಸಿಂಗ್ ಪೂರ್ತಿ ಆರಲು ಬಿಡಿ. ಹೀಗೆ ಎರಡು-ಮೂರು ಸಲ. ಟ್ರೇಲರ್ ಜಗ್ಗಬೇಡಿ. 800 ಕಿ.ಮೀ.ಗೆ ಎಣ್ಣೆ ಬದಲಿಸಿ. ಬೆಣ್ಣಿಹಳ್ಳ ದಾಟುವ ಗಾಡಿಯಾದರೆ ಬ್ರೀದರಿಗೆ (ಹೌಸಿಂಗಿನ ಗಾಳಿ ತೂತಿಗೆ) ಪೈಪು ಹಾಕಿ ಚಾಸಿಗಿಂತ ಮೇಲಕ್ಕೆ ಕಟ್ಟಿ. ಬಿಸಿ ಹೌಸಿಂಗು ನೀರಿಗಿಳಿದಾಗ ಒಳಗೆ ನೀರು ಎಳೆದುಕೊಳ್ಳುವುದು ಆ ತೂತಿನಿಂದಲೇ.