ಕುಡಿಯುತ್ತಿದ್ದ ಹೊತ್ತಿಗೇ ಮೀಟಿಂಗ್ ಹಿಡಿದೆ: ನನ್ನ ಅನುಭವ

ಕುಡಿತ ಬಿಡಬೇಕು ಅಂತ ಹೊರಟಾಗ, ಮನೆಗೆ ಹತ್ತಿರ ಇರುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ) ಮೀಟಿಂಗ್‌ಗೆ ಹೋಗು, ಸಾಕು ಅಂತ ಎಲ್ಲರೂ ಹೇಳಿದ್ದರು. ನಾನು ದೂರ ಹತ್ತಿರ ನೋಡಲಿಲ್ಲ, ಹೊತ್ತು ನೋಡಿದೆ. ಸಂಜೆ ಆರೂವರೆ ಏಳಕ್ಕೆಲ್ಲ ನನ್ನ ಮೊದಲ ಪೆಗ್ ಒಳಗೆ ಹೋಗುತ್ತಿತ್ತು. ಆ ಹೊತ್ತಿಗೆ ಎಲ್ಲಿ ಮೀಟಿಂಗ್ ಇದ್ದರೂ ಸರಿ, ಅಲ್ಲಿಗೆ ಹೋಗುವುದು ಅಂತ ತೀರ್ಮಾನಿಸಿದೆ. "ಎರಡು ವಾರದ ಹುರುಪು" ಅಂದರು ಮನೆಯವರು. ಈಗ ಐದಾರು ವರ್ಷ ಆಯಿತು, ಒಂದು ಹನಿ ಮುಟ್ಟಿಲ್ಲ.

 

ಮೊದಲು ದುಡ್ಡಿನ ವಿಷಯ. ಹೆಚ್ಚುಕಡಿಮೆ ಒಂದು ವರ್ಷದ ಸಂಬಳ ಚಿಕಿತ್ಸಾ ಕೇಂದ್ರಗಳಿಗೆ ಸುರಿದಿದ್ದೇನೆ. ಪೂರ್ತಿ ದಂಡ ಅನ್ನಲಾರೆ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನದ ಹೊತ್ತಿಗೆ ಬುದ್ಧಿ ಭ್ರಮಣೆ ಶುರುವಾಗಿ ಜೀವಕ್ಕೇ ಕುತ್ತು ಬರಬಹುದು. ಅಷ್ಟು ದಿನ ಡಾಕ್ಟರ್ ಕಣ್ಣಳತೆಯಲ್ಲೇ ಇರಬೇಕು, ಮನೆಯಲ್ಲಿ ಒಬ್ಬರೇ ಸಾಹಸ ಮಾಡಬೇಡಿ. ನನಗೆ ತೊಂದರೆಯಾಗಿದ್ದು ಬಿಡುಗಡೆಯಾದ ದಿನದ ಸಂಜೆ. ಅಷ್ಟು ದುಡ್ಡು ಕಟ್ಟಿಸಿಕೊಂಡವರು ಕೈಗೆ ಮಾತ್ರೆ ಚೀಟಿ, ಜೊತೆಗೆ ಮೀಟಿಂಗ್‌ಗಳ ಒಂದು ಮಾಸಿದ ಜೆರಾಕ್ಸ್ ಪಟ್ಟಿ ಕೊಟ್ಟು ಕಳಿಸಿದರು.

ಆ ಪಟ್ಟಿ ಯಾವ ಕಾಲದ್ದೋ. ಒಂದು ವಿಳಾಸದಲ್ಲಿ ಬೀಗ. ಇನ್ನೊಂದು ಕಡೆ ಗುಂಪು ಬೇರೆ ಹಾಲ್‌ಗೆ ಹೋಗಿ ಎಷ್ಟೋ ತಿಂಗಳಾಗಿತ್ತು. ಮತ್ತೊಂದು ಕ್ಲೋಸ್ಡ್ ಮೀಟಿಂಗ್. ಅದು ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಧೈರ್ಯಕ್ಕೆ ಅಂತ ಜೊತೆಗೆ ಬಂದಿದ್ದ ತಮ್ಮ ಹೊರಗೇ ಉಳಿದ. ಬೀಗ ಹಾಕಿದ ಬಾಗಿಲ ಮುಂದೆ ಏಳು ಗಂಟೆಗೆ ನಿಂತ ಕುಡುಕನಿಗೆ ಯಾವ ಕಡೆ ಕಾಲು ಎಳೆಯುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಎಷ್ಟೋ ಜನ ನಮ್ಮ ಕೈ ತಪ್ಪಿಹೋಗುವುದು ಅಲ್ಲೇ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆಮೇಲೆ ಪಟ್ಟಿ ನಂಬುವುದು ಬಿಟ್ಟೆ. ಮೀಟಿಂಗ್ ಗೈಡ್ ಆ್ಯಪ್‌ನಲ್ಲಿ ಹೊತ್ತು ನೋಡಿಕೊಳ್ಳುತ್ತಿದ್ದೆ. ಆದರೂ ಹೊರಡುವ ಮೊದಲು ಎಎ ಸಹಾಯವಾಣಿಗೆ ಫೋನ್ ಮಾಡಿ ಕೇಳಿಯೇ ಹೊರಡುತ್ತಿದ್ದೆ: ಹೋದ ವಾರ ಈ ಮೀಟಿಂಗ್ ನಡೆಯಿತಾ? ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ? ಓಪನ್ನೋ ಕ್ಲೋಸ್ಡೋ? ಫೋನ್ ಎತ್ತುವವರೂ ಬಹಳ ಸಲ ನಮ್ಮಂಥವರೇ. ಒಬ್ಬರು "ನೀವು ಹೊರಡಿ, ನಾನು ಗೇಟ್ ಹತ್ತಿರ ನಿಂತಿರ್ತೀನಿ" ಅಂದರು. ನಿಂತೂ ಇದ್ದರು. ಎಎ ಹುಟ್ಟಿದ್ದೇ ಹೀಗೆ ನೋಡಿ. 1935ರಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲಿನಲ್ಲಿದ್ದ, ಆಗಷ್ಟೇ ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್‌ಗೆ ಕುಡಿಯುವ ಆಸೆ ಕೆರಳಿತು. ಬಾರ್‌ಗೆ ಹೋಗದೆ ಫೋನ್ ಹಿಡಿದ. ಇನ್ನೊಬ್ಬ ಕುಡುಕನನ್ನು ಹುಡುಕುತ್ತಿದ್ದಾಗ ಡಾಕ್ಟರ್ ಬಾಬ್ ಸಿಕ್ಕಿದರು. ಅವರಿಬ್ಬರೇ ಎಎ ಶುರು ಮಾಡಿದವರು.

ಮೀಟಿಂಗ್‌ಗೆ ಕಾಲು ಗಂಟೆ ಮೊದಲೇ ಹೋಗಿ ಕುರ್ಚಿ ಹಾಕುತ್ತಿದ್ದೆ. ಕೈ ನಡುಗುತ್ತಿತ್ತು, ಕಬ್ಬಿಣದ ಕುರ್ಚಿ ಬಿಡಿಸುವಾಗ ಲಟಲಟ ಸದ್ದು. ಯಾರೂ ತಿರುಗಿ ನೋಡಲಿಲ್ಲ. ಪಕ್ಕದವರು ಬಂದು ಇನ್ನೊಂದು ತುದಿ ಹಿಡಿದರು. ಕೆಲಸ ಮಾಡುತ್ತಾ ಆದ ಪರಿಚಯ ಪಾಳಿ ಬಂದಾಗ ಮಾತಾಡಿ ಆಗುವ ಪರಿಚಯಕ್ಕಿಂತ ಗಟ್ಟಿ. ನನ್ನ ಸ್ಪಾನ್ಸರ್, ಅಂದರೆ ಮೊದಲೇ ಕುಡಿತ ಬಿಟ್ಟು ಹೊಸಬರಿಗೆ ಜೊತೆ ನಿಲ್ಲುವವರು, ಸಿಕ್ಕಿದ್ದೂ ಹಾಗೇ. ಒಳ್ಳೆ ಸ್ಪಾನ್ಸರ್‌ನನ್ನು ಗುರುತಿಸುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ಬರೆದರೆ ಎಲ್ಲರೂ ಹುಷಾರಾಗುತ್ತಾರೆ.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. ಕುಡಿತ ಬಿಡಲು ನೆರವಾಗುವ ಇನ್ನೊಂದು ಸಂಸ್ಥೆ, 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿಯ ಆನ್‌ಲೈನ್ ಮೀಟಿಂಗ್‌ಗಳಲ್ಲಿ ಕೆಲವು ತಿಂಗಳು ಕೂತೆ. ಅಲ್ಲಿ ದೇವರ ಮಾತಿಲ್ಲ. ಕುಡಿಯುವ ಆಸೆ ಬಂದಾಗ ಹೊತ್ತು, ಕಾರಣ, ಎಷ್ಟು ಜೋರು ಅಂತ ಬರೆದಿಡುವ ಅಭ್ಯಾಸ ಅಲ್ಲಿಂದ ತಂದೆ. ಆ ಪುಸ್ತಕವೇ ನನ್ನ ಲೆಕ್ಕ ಸರಿ ಅಂತ ತೋರಿಸಿತು: ಹತ್ತರಲ್ಲಿ ಏಳೆಂಟು ಸಲ ಅದೇ ಸಂಜೆ ಹೊತ್ತು. ನಿದ್ದೆ ಬಾರದ ರಾತ್ರಿ ಮೂರಕ್ಕೆ ಇನ್ಯಾವುದೋ ದೇಶದ ಮೀಟಿಂಗ್‌ಗೆ ಸೇರಿ ಕ್ಯಾಮೆರಾ ಆಫ್ ಮಾಡಿ ಕೇಳಿದ್ದೂ ಇದೆ. ಮಾತು ಅರ್ಧ ಅರ್ಥವಾಗುತ್ತಿತ್ತು. ಆದರೂ ಬೆಳಗಾಗುವವರೆಗೆ ಸಾಕಾಗುತ್ತಿತ್ತು.

"ಸುಮ್ನೆ ಕೂತು ಮಾತಾಡಿದರೆ ರೋಗ ಹೋಗುತ್ತಾ?" ಅಂತ ಕೇಳಿದ ಭಾವನಿಗೆ 2020ರ ಕೊಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವೈದ್ಯಕೀಯ ವರದಿ) ತೋರಿಸಿದೆ. 27 ಅಧ್ಯಯನ, ಹತ್ತು ಸಾವಿರಕ್ಕೂ ಜಾಸ್ತಿ ಜನ. ಪೂರ್ತಿ ಕುಡಿಯದೇ ಉಳಿಯುವ ವಿಷಯದಲ್ಲಿ, ಎಎಗೆ ಹಚ್ಚುವ ಕ್ರಮಬದ್ಧ ಚಿಕಿತ್ಸೆ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಮುಂದಿತ್ತು. ಭಾವ ಆಮೇಲೆ ಮಾತಾಡಲಿಲ್ಲ.

ಇದಕ್ಕೆಲ್ಲ ಆದ ಖರ್ಚು? ಮೀಟಿಂಗ್‌ಗೆ ಫೀಸ್ ಇಲ್ಲ. ಕೊನೆಗೆ ಒಂದು ಚೀಲ ಸುತ್ತು ಬರುತ್ತದೆ, ಇದ್ದಷ್ಟು ಹಾಕಿದರಾಯಿತು. ಹೊಸಬರು ಹಾಕದಿದ್ದರೂ ಯಾರೂ ಕೇಳುವುದಿಲ್ಲ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದೇ ಇಲ್ಲ. ನನ್ನ ಒಂದು ತಿಂಗಳ ಓಡಾಟದ ಖರ್ಚು, ಕುಡಿಯುತ್ತಿದ್ದಾಗಿನ ಒಂದು ವಾರದ ಖರ್ಚಿಗಿಂತ ಕಡಿಮೆ.

ಭಾನುವಾರ ಮಾತ್ರ ಆ ಹೊತ್ತಿಗೆ ಎಲ್ಲೂ ಮೀಟಿಂಗ್ ಇರಲಿಲ್ಲ. ಎಎ ಸಂಪ್ರದಾಯದ ಪ್ರಕಾರ ಕುಡಿತ ಬಿಡಲು ಇಬ್ಬರು ಮೂವರು ಸೇರಿದರೂ ಅದು ಗುಂಪೇ. ನಾನೂ ಸ್ಪಾನ್ಸರೂ ಒಂದು ಕೋಣೆ ಕೇಳಿಕೊಂಡು ಆರೂವರೆಗೆ ಶುರು ಮಾಡಿದೆವು. ಮೊದಲ ಕೆಲವು ವಾರ ನಾವಿಬ್ಬರೇ. ಈಗ ಹದಿನೈದು ಇಪ್ಪತ್ತು ಜನ ಬರುತ್ತಾರೆ. ಸಹಾಯವಾಣಿಯಲ್ಲಿ ನನ್ನ ಪಾಳಿಯೂ ಇದೆ. ನೀವು ಹೊರಡುವ ಮೊದಲು ಫೋನ್ ಮಾಡಿ ಕೇಳಿ.